ನಮ್ಮಪ್ಪನ ಜಾಗ

ಪಾರ್ಕಿನ ಅಧಿಕಾರಿಗಳಿಗೆ ನಮಸ್ಕಾರ.

ಮೊನ್ನೆ ನಮ್ಮಜ್ಜಿ ಪಾರ್ಕಿನ ಬೆಂಚಿನ ಮೇಲೆ ಕಾಲು ಚಾಚಿದ್ದಕ್ಕೆ ನಿಮ್ಮ ಕಾವಲುಗಾರ, "ಏಳಮ್ಮ, ಇದೇನು ನಿಮ್ಮಪ್ಪನ ಜಾಗವಾ?" ಅಂದ.

"ಹೌದಪ್ಪ, ನಮ್ಮಪ್ಪಂದೇ," ಅಂದರು ಅಜ್ಜಿ.

ಅಣಕಿಸುತ್ತಿದ್ದಾರೆಂದು ತಿಳಿದು, ತೋಳು ಹಿಡಿದು ಗೇಟಿನಾಚೆ ಬಿಟ್ಟ.

ಅಜ್ಜಿ ಹೇಳಿದ್ದು ನಿಜ. ಅದು ಊರವರ ಬಟ್ಟೆ ಒಗೆಯುತ್ತಿದ್ದ ನಮ್ಮ ಮುತ್ತಜ್ಜ ಬಟ್ಟೆ ಒಣಹಾಕುತ್ತಿದ್ದ ಬಯಲು. ಓಣಿಯ ಜನ ಕೂರಲಿ ಎಂದು ದಾನ ಕೊಟ್ಟರು. ನಿಮ್ಮ ಫಲಕದಲ್ಲಿ ಉದ್ಘಾಟಿಸಿದವರಿದ್ದಾರೆ, ಬಣ್ಣ ಹೊಡೆಸಿದವರೂ ಇದ್ದಾರೆ, ಕೊಟ್ಟವರಿಲ್ಲ. ಕಾವಲುಗಾರನನ್ನು ಬೈಯಬೇಡಿ. ನೀವು ಬರೆಸದ್ದನ್ನು ಅವನೆಲ್ಲಿ ಓದಬೇಕು?

ನಾನು ನಾಲ್ಕನೇ ತರಗತಿ ಓದಿದವಳು, ಎದುರು ನಿಂತು ಮಾತಾಡಲು ಬಾರದು. ಮುತ್ತಜ್ಜನ ಹೆಸರು ಬರೆಸಿ, ನೀವೇ ಬಂದು ಅಜ್ಜಿಯನ್ನು ಕರೆಯಿರಿ. ಅಂದಿನಿಂದ ಅವರು ಮನೆಯ ಮೆಟ್ಟಿಲ ಮೇಲೆಯೇ ಕೂರುತ್ತಾರೆ. ಅದು ಬಾಡಿಗೆ ಮನೆ.

ಇಂತಿ,
ಆ ಅಜ್ಜಿಯ ಮೊಮ್ಮಗಳು