ಯಾರ ಪೈಕಿ ಎಂದು ಕೇಳಿದರೆ

ನಜರ್‌ಬಾದ್, ಮೈಸೂರು
೧೨ ಜೂನ್ ೧೯೫೮

ಪ್ರೀತಿಯ ತಂಗಿ ದೇವೀರಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದೆ ಸತಾಯಿಸಿದೆ, ಬೈದುಕೋ. ನಾನು ಕ್ಷೇಮ. ಅವ್ವನ ಮಂಡಿನೋವು ಹೇಗಿದೆ? ಟ್ರೈನಿಂಗಿಗೆ ನಿನ್ನ ಹೆಸರು ಬಂದದ್ದನ್ನು ನಮ್ಮ ಅಚ್ಚುಕೂಟದಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಹೊಲಗೇರಿಯಿಂದ ಹೊರಟ ಮೊದಲ ಮೇಷ್ಟ್ರಮ್ಮ ನೀನು.

ಸೋಮವಾರ ನೀನು ಬಸ್ಸಿಳಿಯುವಾಗ ನಾನಿರುವುದಿಲ್ಲ. ಅಂದು ಕೋರ್ಟು. ನಾವು ಕೆಲವು ಗೆಳೆಯರು ಇಲ್ಲಿನ ಒಂದು ಹೋಟೆಲಿನ ಒಳಗೆ ಕೂತು ಎಲ್ಲರ ಲೋಟದಲ್ಲೇ ಕಾಫಿ ಕೇಳಿದೆವು, ಏಳಿ ಎಂದರೂ ಏಳಲಿಲ್ಲ. ಗಲಾಟೆ ಮಾಡಿದೆವೆಂದು ನಮ್ಮ ಮೇಲೇ ಕೇಸು. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದು ಮೂರು ವರ್ಷ. ದಿಲ್ಲಿಯಿಂದ ಹೊರಟ ಆ ಕಾನೂನು ಈ ಹೋಟೆಲಿನ ಬಾಗಿಲು ಇನ್ನೂ ಮುಟ್ಟಿಲ್ಲ.

ಆದ್ದರಿಂದ ದಾರಿ ಬರೆಯುತ್ತೇನೆ. ಜಟಕಾ ಹತ್ತಬೇಡ, ಹಳ್ಳಿಯವಳೆಂದು ತಿಳಿದರೆ ಎರಡು ಸುತ್ತು ಹೊಡೆಸುತ್ತಾರೆ. ದೊಡ್ಡ ಗಡಿಯಾರದ ತನಕ ನಡಿ. ಅಲ್ಲಿಂದ ಕೋಟೆಗೋಡೆ ಬಲಗೈಗೆ ಇರಲಿ, ನೆಟ್ಟಗೆ ಪೂರ್ವಕ್ಕೆ ನಡೆದರೆ ನಜರ್‌ಬಾದು. ಮನೆಯೊಡತಿ ಪ್ರೇಮಮ್ಮನ ಹತ್ತಿರ ಕೀಲಿ ಇದೆ. ನಾನು ಯಾರೆಂದು ಆಕೆಗೆ ಗೊತ್ತು.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಬೆಟ್ಟ ಹತ್ತು. ಸೌದೆ ಹೊರುವವರ ಅಡ್ಡದಾರಿ ಬೇಡ, ಗರಸು ಜಾರುತ್ತದೆ. ಮೆಟ್ಟಿಲಲ್ಲೇ, ನಟ್ಟನಡುವೆ ಹತ್ತು. ಯಾರಾದರೂ ಪಕ್ಕಕ್ಕೆ ಸರಿ ಎಂದರೆ ಸರಿಯಬೇಡ; ಈ ಕಲ್ಲು ಹೊತ್ತವರು ಯಾರೆಂದು ಕೇಳು. ದೊಡ್ಡ ಬಸವನ ಹತ್ತಿರ ನಿಂತು ಕೆಳಗೆ ನೋಡು. ಬಲಕ್ಕೆ ಕಾರಂಜಿ ಕೆರೆ, ದೂರ ಎಡಕ್ಕೆ ಕುಕ್ಕರಹಳ್ಳಿ ಕೆರೆ, ನಡುವೆ ಅರಮನೆ, ಅದರಾಚೆ ಇಗರ್ಜಿಯ ಜೋಡಿ ಗೋಪುರ. ಇಷ್ಟು ಕಣ್ಣಿಗೆ ಕೂತರೆ ಮೈಸೂರಲ್ಲಿ ಯಾರನ್ನೂ ದಾರಿ ಕೇಳಬೇಕಿಲ್ಲ.

ಯಾಕೆ ಕೇಳಬಾರದು? ಇಲ್ಲಿ ದಾರಿ ಕೇಳಿದರೆ ಜಾತಿ ಕೇಳುತ್ತಾರೆ. ಹೋದ ವಾರ ಅಗ್ರಹಾರದಲ್ಲಿ ಒಬ್ಬರನ್ನು ವಕೀಲರ ಮನೆ ಎಲ್ಲೆಂದೆ.

"ಯಾವೂರಾಯ್ತಪ್ಪ?"

"ಇಲವಾಲದ ಆಚೆ."

"ಯಾರ ಪೈಕಿ?"

"ದಾರಿ ಹೇಳೋಕೆ ಪೈಕಿ ಯಾಕ್ ಸ್ವಾಮಿ, ಹೆಣ್ಣು ಕೊಡ್ತೀರಾ?"

ಪಕ್ಕದ ಹೂವಿನವಳು ನಕ್ಕುಬಿಟ್ಟಳು. "ಅಂಗೇ ಕೇಳ್ಬುಡು ಕಣಪ್ಪ, ಮಗಳು ಅವ್ಳೆ ಅವ್ರಿಗೆ" ಎಂದಳು. ವಕೀಲರ ಮನೆಯನ್ನು ತೋರಿಸಿದವಳೂ ಅವಳೇ.

ಇಷ್ಟು ಬರೆದ ಮೇಲೆ ನನಗೇ ನಾಚಿಕೆಯಾಗುತ್ತಿದೆ. ಕೇಳಬೇಡ ಎಂದು ಬರೆದದ್ದನ್ನು ಹೊಡೆದುಹಾಕು. ಧಾರಾಳವಾಗಿ ಕೇಳು. ಯಾರ ಪೈಕಿ ಎಂದರೆ ಹೊಲೆಯರ ಪೈಕಿ, ಕೆಂಪಯ್ಯನ ಮಗಳು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳು. ದಾರಿ ತೋರಿಸದಿದ್ದರೆ ಅವರ ಬಾಯಿ ಹೊಲಸು, ನಿನ್ನ ಕಾಲಲ್ಲ.

ಅವ್ವನ ಕಾಲಿಗೆ ಬಿದ್ದೆನೆಂದು ಹೇಳು. ಓದಿ ದೊಡ್ಡವಳಾಗು, ಯಾರಿಗೂ ತಲೆ ಬಗ್ಗಿಸದೆ ಬಾಳು.

ನಿನ್ನ ಅಣ್ಣ,
ಪುಟ್ಟಸ್ವಾಮಿ

ತಾ.ಕ.: ಅಪ್ಪ ಒಮ್ಮೆ ನನ್ನ ನೋಡಲು ಬಂದು, ಮೈಸೂರಲ್ಲಿ ದಾರಿ ತಪ್ಪಿ ವಾಪಸು ಬಂದನೆಂದು ಅವನು ಸಾಯುವ ತನಕ ನೀವೆಲ್ಲ ನಗುತ್ತಿದ್ದಿರಿ. ತಪ್ಪಿರಲಿಲ್ಲ. ನಾನು ಒಕ್ಕಲಿಗನೆಂದು ಸುಳ್ಳು ಹೇಳಿ ಬಾಡಿಗೆಗಿದ್ದ ವಠಾರಕ್ಕೇ ಅಪ್ಪ ಬಂದಿದ್ದ. ನಾವು ಯಾರೆಂದು ವಠಾರದ ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಮಗ ಎಲ್ಲಿ ಎಂದು ಕೇಳಿದ. "ನಿಮ್ಮೋರು ಇಲ್ಲಿ ಯಾರೂ ಇಲ್ಲ" ಎಂದರು. ಕದದ ಹಿಂದೆ ನಿಂತು ಕೇಳಿಸಿಕೊಂಡೆ. ಹೊರಗೆ ಹೋಗಲಿಲ್ಲ. ಹೊಸಿಲ ಬಳಿ ನನ್ನ ಮೆಟ್ಟು ಇದ್ದವು, ಅವನೇ ಸಂತೆಯಲ್ಲಿ ಕೊಡಿಸಿದ್ದು. ಅವನ್ನೇ ನೋಡುತ್ತ ಅಪ್ಪ ಅಂದ: "ತಪ್ಪಾಯ್ತು ಬುದ್ಧಿ, ಬ್ಯಾರೆ ಬೀದಿ ಇರ್ಬೇಕು."