‘ಹಗುರವಾದ ಆಹಾರ’ ಅಂದರೆ ಯಾವುದು, ಸ್ವಾಮಿ?

ಆರೋಗ್ಯ ಪ್ರಚಾರ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಹಜಾರದಲ್ಲಿ, ಔಷಧಿ ಕೊಡುವ ಕಿಟಕಿಯ ಪಕ್ಕ, ಒಂದು ಫಲಕವಿದೆ. ‘ರಕ್ತದಲ್ಲಿ ಕೊಬ್ಬೇ? ಎಣ್ಣೆ, ಬೆಣ್ಣೆ, ಕರಿದ ತಿಂಡಿ ಬಿಡಿ. ಹಗುರವಾದ ಆಹಾರ ಸೇವಿಸಿ.’ ಜೊತೆಗೆ ಒಬ್ಬ ಗಂಡಸಿನ ಚಿತ್ರ. ಹಲ್ಲು ಬಿಟ್ಟು ನಗುತ್ತಿದ್ದಾನೆ, ಕೈಯಲ್ಲಿ ಹಣ್ಣಿನ ರಸದ ಲೋಟ. ನನ್ನ ಗಂಡ ಆ ಫಲಕವನ್ನು ಅಕ್ಷರ ಬಿಡದೆ ಪಾಲಿಸಿದರು. ಅವರು ಈಗಿಲ್ಲ, ಫಲಕ ಇದೆ. ನನ್ನ ದೂರು ಇದೇ.

‘ಮಾನ್ಯರೇ’ ಎನ್ನದೆ ಪತ್ರ ಶುರು ಮಾಡಿದ್ದೇನೆ. ಕಚೇರಿಗಳ ಎದುರು ಕೂತು ಕಂಡವರ ಅರ್ಜಿಗಳನ್ನು ಟೈಪು ಮಾಡಿಕೊಡುವುದು ನನ್ನ ಕಸುಬು. ‘ಮಾನ್ಯರೇ’, ‘ತಮ್ಮ ಅವಗಾಹನೆಗೆ’, ‘ದಯಾಪರರಾದ ತಾವು’ ಇವೆಲ್ಲ ನನ್ನ ಬೆರಳ ತುದಿಯಲ್ಲೇ ಇವೆ. ಇವತ್ತು ಮಾತ್ರ ಬೆರಳು ಒಪ್ಪುತ್ತಿಲ್ಲ, ಏನು ಮಾಡಲಿ?

ನನ್ನ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ಬನ್ ಮಾಮ. ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಹಾಗಾಗಿ ಟ್ರೈಗ್ಲಿಸರೈಡ್ ಎಂಬ ಬಾಯಿಗೆ ಸಿಗದ ಹೆಸರು ಹೊತ್ತ ವರದಿ ಬಂದು, ಅದಕ್ಕೆ ರಕ್ತದಲ್ಲಿ ಕೊಬ್ಬು ಎಂದರ್ಥ ಅಂತ ತಿಳಿದಾಗ ನಾವಿಬ್ಬರೂ ನಕ್ಕೆವು. “ನೋಡೇ, ನನಗೂ ಕೊಬ್ಬಿದೆ ಅಂತ ಸರ್ಕಾರಿ ಮೊಹರು ಒತ್ತಿ ಕೊಟ್ಟಿದ್ದಾರೆ. ಇನ್ಮೇಲೆ ಸ್ವಲ್ಪ ಹೆದರಿಕೊಂಡಿರು” ಅಂದರು. “ಅಯ್ಯೋ, ಹೆದರಿ ನಡುಗ್ತಿದೀನಿ” ಅಂದೆ ನಾನು. ಔಷಧಿ ಕಿಟಕಿಯಲ್ಲಿದ್ದ ನಿಮ್ಮ ಸಿಬ್ಬಂದಿ ನಮಗೆ ಮಾತ್ರೆ ಕೊಟ್ಟು, ಊಟದ ಬಗ್ಗೆ ಕೇಳಿದ್ದಕ್ಕೆ ತಲೆಯೆತ್ತದೆ ಫಲಕದ ಕಡೆ ಪೆನ್ನು ತೋರಿಸಿದರು.

ಈಗ ನೀವೇ ಹೇಳಿ, ಬೇಕರಿಯವನಿಗೆ ‘ಹಗುರ’ ಅಂದರೆ ಏನು? ಚೆನ್ನಾಗಿ ಹುದುಗಿ, ಉಬ್ಬಿ, ಕೈಗೆತ್ತಿಕೊಂಡರೆ ಹತ್ತಿಯಂತಿರುವ ಬ್ರೆಡ್ಡು. ಎರಡು ಸಲ ಸುಟ್ಟು ನೀರಿನ ಪಸೆಯೆಲ್ಲ ಆರಿದ ರಸ್ಕು. ಜೀವಮಾನವೆಲ್ಲ ಅವರು ಹಿಟ್ಟನ್ನು ಹಗುರ ಮಾಡುವುದಕ್ಕೇ ಕೈ ಸವೆಸಿದವರು. “ಇದರಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ ಕಣೇ, ಬೆಣ್ಣೆ ಸೋಕಿಸಿಲ್ಲ” ಎನ್ನುತ್ತ ರಸ್ಕಿನ ಪೊಟ್ಟಣ ಮನೆಗೆ ತರುತ್ತಿದ್ದರು. ಮೊಟ್ಟೆ ಬಿಟ್ಟರು, ಮೀನು ಬಿಟ್ಟರು. ಹುರಿದ ಕಡಲೆಕಾಯಿಯೆಂದರೆ ಪ್ರಾಣ ಬಿಡುತ್ತಿದ್ದವರು ಅದನ್ನೂ ಬಿಟ್ಟರು. ಹೊಟ್ಟೆ ಸುಮ್ಮನಿರುತ್ತದೆಯೇ? ಹಸಿವಾದಾಗಲೆಲ್ಲ ಬಿಳಿ ಬ್ರೆಡ್ಡು, ಅದು ಒಣಕಲೆನಿಸಿದರೆ ಮೇಲೆ ಜೇನುತುಪ್ಪ. ಬೆಳಿಗ್ಗೆ ಸಂಜೆ ನಿಮ್ಮ ಚಿತ್ರದ ಮಹಾಶಯನ ಹಾಗೆ ಹಣ್ಣಿನ ರಸ. ಒಣಗಿದ ಮುಖದಲ್ಲೇ ನಗುತ್ತಿದ್ದರು, ಪಾಪ.

ಎರಡನೆಯ ಪರೀಕ್ಷೆಯಲ್ಲಿ ಕೊಬ್ಬು ಇಳಿಯುವ ಬದಲು ಏರಿತ್ತು. ಕಿಟಕಿಯವರು “ಪಥ್ಯ ಸರಿಯಾಗಿ ಮಾಡ್ತಿಲ್ಲ ನೀವು, ಇನ್ನೂ ಬಿಗಿ ಮಾಡಿ” ಅಂದರು. ಎಂದೂ ಒಂದು ಮಾತಿಗೆ ಎದುರಾಡದ ನನ್ನ ಗಂಡ ಅವತ್ತು ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಕೇಳಿದರು: “ನೀನೇನಾದ್ರೂ... ರುಚಿಗೆ ಅಂತ... ಕದ್ದು ಎಣ್ಣೆ ಹಾಕ್ತಿದೀಯೇನೇ?”

ನನಗೆ ಮೈಯೆಲ್ಲ ಉರಿದುಹೋಯಿತು. “ಹೂಂ ರೀ, ಹಾಕ್ತಿದೀನಿ, ನಿಮ್ಮನ್ನು ಸಾಯಿಸೋಕೆ ಅಂತಾನೇ ಹಾಕ್ತಿದೀನಿ!” ಅಂದುಬಿಟ್ಟೆ. ಇಷ್ಟು ವರ್ಷ ಒಬ್ಬರನ್ನೊಬ್ಬರು ಅನುಮಾನಿಸದೆ ಬಾಳಿದ ಸಂಸಾರ ನಮ್ಮದು. ನಿಮ್ಮ ಫಲಕವನ್ನು ಅನುಮಾನಿಸಬೇಕು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡಿ. ಸರ್ಕಾರದ ಗೋಡೆಯ ಮೇಲೆ ಬರೆದದ್ದು ಸುಳ್ಳಾಗಿರುತ್ತದೆಯೇ?

ಒಂದು ದಿನ ಒಲೆಯ ಮುಂದೆಯೇ ಹೊಟ್ಟೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಲ್ಲಿ ರಕ್ತ ತೆಗೆದ ಹುಡುಗಿ, ಕೊಳವೆಯ ಮೇಲುಭಾಗ ಹಾಲಿನ ಹಾಗೆ ಬೆಳ್ಳಗಾದದ್ದನ್ನು ಕಂಡು ವಾರ್ಡಿನ ಡಾಕ್ಟರನ್ನು ಕೂಗಿದಳು. ರಕ್ತದ ಕೊಬ್ಬು ಮಿತಿಮೀರಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತಂತೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. “ಏನೇನು ತಿಂತಿದ್ರಮ್ಮ?” ಎಂದು ಕೇಳಿದರು. ಹಾಗೆ ಕೇಳಿದವರು ಅವರೇ ಮೊದಲು. ನಾನು ಹೆಮ್ಮೆಯಿಂದ ಒಂದೊಂದಾಗಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತುಬಿಟ್ಟರು.

“ಎಣ್ಣೆ ಕಡಿಮೆ ಮಾಡಿದ್ದು ತಪ್ಪಲ್ಲಮ್ಮ. ಆದರೆ ಅದರ ಜಾಗಕ್ಕೆ ಬಂದಿದ್ದೆಲ್ಲ ಸಕ್ಕರೆ, ಮೈದಾ. ಅದು ಜಾಸ್ತಿಯಾದ್ರೆ ಲಿವರ್ರು ಅದನ್ನೇ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತೆ. ಇಂಥ ಕಾಯಿಲೆಗೆ ಹಣ್ಣಿನ ರಸ, ಜೇನು, ಕುಡಿತ ಎಲ್ಲಾ ಶತ್ರುಗಳೇ. ಯಾರೂ ಹೇಳಲಿಲ್ವಾ?” ಅಂದರು. ನನ್ನ ಗಂಡ ಆ ಹಾಸಿಗೆಯಿಂದ ಏಳಲೇ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮಗೂ ಗೊತ್ತಿರಬೇಕು. ನಮ್ಮ ಮನೆಯಲ್ಲಿ ಎಣ್ಣೆಗೆ ಬರೆ ಬಿತ್ತು, ಸಕ್ಕರೆ ಆರಾಮವಾಗಿ ಮೇಯುತ್ತಿತ್ತು. ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಸಹಾಯಕರು ಫಲಕದ ಪ್ರತಿಯನ್ನು ಎರಡು ಸಲ ಓದಿ, “ಇದರಲ್ಲಿ ತಪ್ಪು ಯಾವುದು ತೋರಿಸಿ ಮೇಡಂ. ಒಂದು ಪದಾನೂ ತಪ್ಪಿಲ್ಲವಲ್ಲ?” ಎಂದು ನನ್ನನ್ನು ವಾಪಸು ಕಳಿಸಿದರು. ನಿಜ, ಪದ ತಪ್ಪಿಲ್ಲ. ಆದರೆ ಅಲ್ಲಿ ಇರಬೇಕಾದ ಪದಗಳು ಎಲ್ಲಿ? ಸೇತುವೆ ಅರ್ಧವೇ ಕಟ್ಟಿ, ಕಟ್ಟಿದ ಅರ್ಧದಲ್ಲಿ ದೋಷವಿಲ್ಲ ಎನ್ನುವ ಇಂಜಿನಿಯರನ್ನು ನೀವು ಕೆಲಸದಲ್ಲಿಟ್ಟುಕೊಳ್ಳುತ್ತೀರಾ? ನನ್ನ ಗಂಡನ ಕಾಯಿಲೆಗೆ ನೀವು ಕಾರಣರೆಂದು ನಾನು ಹೇಳುತ್ತಿಲ್ಲ. ಅದು ವಂಶದಿಂದಲೂ ಬಂದಿರಬಹುದು ಎಂದರು ಡಾಕ್ಟರು. ನಂಬಿಕೊಂಡು ಬಂದವರಿಗೆ ಅರ್ಧ ದಾರಿ ತೋರಿಸಿ ಕೈಬಿಟ್ಟಿರಿ ಎನ್ನುತ್ತಿದ್ದೇನೆ.

ಮಕ್ಕಳ ರಕ್ತವನ್ನೂ ಪರೀಕ್ಷಿಸಿ ಎಂದಿದ್ದರು ಅದೇ ಡಾಕ್ಟರು. ನಮಗಿರುವುದು ಒಬ್ಬಳೇ ಮಗಳು. ಅವಳ ವರದಿ ಬಂದಿದೆ. ಅಪ್ಪನಷ್ಟಿಲ್ಲದಿದ್ದರೂ ಅವಳಿಗೂ ಏರಿದೆ. ಡಾಕ್ಟರನ್ನು ಹುಡುಕಿ ಹೋದರೆ ಅವರಿಗೆ ವರ್ಗವಾಗಿದೆ. ಆಹಾರ ತಜ್ಞರ ಕೋಣೆಗೆ ಬೀಗ. ಹುದ್ದೆ ಖಾಲಿಯಂತೆ, ಬೀಗ ಮಾತ್ರ ಹೊಸದು. ಕಿಟಕಿಯಲ್ಲಿ ಅದೇ ಪೆನ್ನು ಅದೇ ಫಲಕದ ಕಡೆ ತಿರುಗಿತು. ಅಲ್ಲಿ ನಿಂತು ನಾನು ಅತ್ತಿದ್ದಕ್ಕೆ, ಸಾಲಿನಲ್ಲಿದ್ದವರು “ಸ್ವಲ್ಪ ಪಕ್ಕಕ್ಕೆ ಬನ್ನಿ ಅಮ್ಮ” ಅಂದರು.

ಆದ್ದರಿಂದ ನನ್ನ ಬೇಡಿಕೆ. ಆ ಫಲಕವನ್ನು ಈ ವಾರವೇ ಇಳಿಸಿ. ಸಕ್ಕರೆ, ಹಣ್ಣಿನ ರಸ, ಜೇನು, ಮೈದಾ, ಮದ್ಯ ಇವುಗಳ ಹೆಸರು ಹಿಡಿದು ‘ಇವೂ ರಕ್ತದ ಕೊಬ್ಬನ್ನು ಏರಿಸುತ್ತವೆ’ ಎಂದು, ಕನ್ನಡಕ ಮರೆತು ಬಂದವರಿಗೂ ಕಾಣುವಂತೆ ಬರೆಸಿ. ‘ಹಗುರ’ ಎಂಬ ಪದವನ್ನು ಅಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬೀಗ ತೆಗೆದು ಆ ಕೋಣೆಯಲ್ಲಿ ಒಬ್ಬ ಮನುಷ್ಯರನ್ನು ಕೂರಿಸಿ. ಬಂದವರನ್ನು ‘ಏನು ತಿಂತೀರಿ?’ ಎಂದು ಅವರು ಕೇಳಲಿ, ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಲಿ.

ಮಗಳು ಈಗ ಊಟಕ್ಕೆ ಕೂತರೆ ತುತ್ತು ಎತ್ತುವುದಿಲ್ಲ. ಎಣ್ಣೆಗೂ ಹೆದರುತ್ತಾಳೆ, ಅನ್ನಕ್ಕೂ ಹೆದರುತ್ತಾಳೆ, ಹಣ್ಣು ಹೆಚ್ಚಿಟ್ಟರೆ ತಟ್ಟೆ ದೂರ ತಳ್ಳುತ್ತಾಳೆ. ನಿನ್ನೆ ಬರೀ ನೀರು ಕುಡಿದು ಕೆಲಸಕ್ಕೆ ಹೊರಟವಳನ್ನು ತಡೆದು ನಿಲ್ಲಿಸಿದೆ. “ತಿಂತೀನಮ್ಮಾ, ಬೇಡ ಅಂದ್ನಾ? ಏನು ತಿನ್ನಲಿ, ನೀನೇ ಹೇಳು” ಅಂದಳು. ನನಗೆ ಹೇಳಲು ಗೊತ್ತಾಗಲಿಲ್ಲ. ನೀವು ಹೇಳಿ.

ಇಂತಿ,
ಸೌಟು ಹಿಡಿದು, ಏನು ಬಡಿಸಲೆಂದು ತಿಳಿಯದೆ ನಿಂತಿರುವ
ಒಬ್ಬ ತಾಯಿ