ಸಂಜೆಯ ದೋಣಿ ನಿಲ್ಲಿಸಿದವರ ಹೆಸರು

ಕಡಲು ಒಳಬಂದ ನೂರಹನ್ನೊಂದನೆಯ ವರ್ಷ, ಆಸಾಡಿ ತಿಂಗಳ ನಲವತ್ತನೆಯ ದಿನ

ಹಿಂದಿನ ಕಾಲದಲ್ಲಿ ವ್ಯವಹಾರ ನಡೆಸುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಮಳೆ ಬಿಡುವುದೇ ಇಲ್ಲವಾದ್ದರಿಂದ ನಾವು ಆಸಾಡಿಯನ್ನು ಐವತ್ತು ದಿನಕ್ಕೆ ಹಿಗ್ಗಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ.

ನಾನು ವಾರಿಜಾ ದೇವಾಡಿಗ, ಹೊಳೆಬಾಗಿಲಿನ ದೋಣಿ ಕಂಪನಿಯ ಮುಖ್ಯಸ್ಥೆ. ಇಲ್ಲಿ ರಸ್ತೆಗಳೆಲ್ಲ ನೀರಿನಡಿ ಇರುವುದರಿಂದ ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಅಕ್ಕಿ, ಕೋಳಿ, ಎಲ್ಲವೂ ಹೋಗುವುದು ನಮ್ಮ ದೋಣಿಯಲ್ಲೇ. ಯಾವ ದೋಣಿ ಯಾವಾಗ ಬಿಡಬೇಕೆಂದು ಹೇಳುವುದು 'ಮಂತ್ರಿ'. ನಿಮ್ಮ ಕಾಲದ ಕೃತಕ ಬುದ್ಧಿಮತ್ತೆಯ ಮರಿಮಗ ಎಂದುಕೊಳ್ಳಿ. ಅದು ಬೆಳಿಗ್ಗೆ ಸಲಹೆ ಕಳುಹಿಸುತ್ತದೆ. ಮುಖ್ಯಸ್ಥರು ಮಧ್ಯಾಹ್ನದ ಊಟ ಮುಗಿಸುವುದರೊಳಗೆ ಬೇಡ ಎನ್ನದಿದ್ದರೆ ಅದೇ ಆಜ್ಞೆ. ಇದಕ್ಕೆ ನಾವು 'ಊಟದ ಸಹಿ' ಎನ್ನುತ್ತೇವೆ. ಶುರು ಮಾಡಿದವರು ನೀವೇ ಅಂತೆ, ಕೆಲಸ ಹಗುರಾಗಲೆಂದು. ಹಗುರಾಯಿತು, ಸುಳ್ಳು ಹೇಳಬಾರದು. ಬಂಗುಡೆ ಸಾರಿನಲ್ಲಿ ಅನ್ನ ಕಲಸುತ್ತಾ ನಾನು ಎಷ್ಟು ಆಜ್ಞೆ ಹೊರಡಿಸಿದ್ದೇನೋ ನನಗೇ ಗೊತ್ತಿಲ್ಲ.

ಹೋದ ತಿಂಗಳು ನಡುಕುದ್ರು ದ್ವೀಪದ ಸಂಜೆಯ ದೋಣಿ ಹೀಗೇ ಊಟದ ಸಹಿಯಲ್ಲಿ ನಿಂತುಹೋಯಿತು. ಮಂತ್ರಿಯ ಲೆಕ್ಕ ತಪ್ಪಿರಲಿಲ್ಲ. ಆ ದೋಣಿ ಹೆಚ್ಚಾಗಿ ಖಾಲಿಯೇ ಓಡುತ್ತಿತ್ತು. ಆದರೆ ಹತ್ತದಿದ್ದರೂ, ಅದು ಇದೆಯೆಂಬ ಧೈರ್ಯದ ಮೇಲೆ ಅಲ್ಲಿಯವರು ಬದುಕಿದ್ದರು. ಒಂದು ಸಂಜೆ ಅಲ್ಲಿ ಮೀನು ಮಾರುವ ಗುಲಾಬಿಯಕ್ಕನ ಮಗಳಿಗೆ ದಿನ ತುಂಬುವ ಮುಂಚೆಯೇ ಹೆರಿಗೆ ನೋವು ಬಂತು. ತಾಯಿ, ಮಗಳು ಯಾವುದಾದರೂ ದೋಣಿ ಬರಲೆಂದು ಜೆಟ್ಟಿಯಲ್ಲಿ ಕಾದರು. ಮಗು ಉಳಿಯಲಿಲ್ಲ.

ಗುಲಾಬಿಯಕ್ಕ ಆಫೀಸಿಗೆ ಬಂದರು. ಮಂತ್ರಿ ಬಹಳ ಮರ್ಯಾದೆಯಿಂದ ಕಾರಣ ವಿವರಿಸಿತು, ಚೆಂದದ ಕನ್ನಡದಲ್ಲಿ ಸಂತಾಪವನ್ನೂ ಹೇಳಿತು. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರ್ಲಿ. ದೋಣಿ ನಿಲ್ಸಿದ್ದ್ ಯಾರ್? ನಂಗ್ ಅವ್ರ ಮುಖ ಕಾಣ್ಕ್" ಎಂದರಂತೆ. ಗುಮಾಸ್ತರು ಮ್ಯಾನೇಜರರತ್ತ ಕೈ ತೋರಿಸಿದರು, ಮ್ಯಾನೇಜರು ಪರದೆಯತ್ತ. ನಾನು ಒಳಗೆ ಊಟಕ್ಕೆ ಕೂತಿದ್ದೆ.

ಅವರು ಬಿಡಲಿಲ್ಲ. ದೋಣಿ ನಿಲ್ಲಿಸಿದವರ ಹೆಸರನ್ನು ಜೆಟ್ಟಿಯ ಹಲಗೆಯ ಮೇಲೆ ಬರೆಸಲೇಬೇಕೆಂದು ಊರವರನ್ನೆಲ್ಲ ಕೂಡಿಸಿಕೊಂಡು ಪಟ್ಟು ಹಿಡಿದರು. ಇವತ್ತು ಪೇಂಟರು ಬಂದು, ಯಾರ ಹೆಸರು ಎಂದು ಕೇಳಿದರು. ಮಂತ್ರಿ ಎಂದು ಬರೆಸಿಬಿಡಿ ಎಂದು ಮ್ಯಾನೇಜರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಗುಲಾಬಿಯಕ್ಕ ನನ್ನನ್ನೇ ನೋಡುತ್ತಿದ್ದರು. ನನ್ನ ಹೆಸರು ಹೇಳಿದೆ. ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಬೈಯುತ್ತಾರೆ ಎಂದುಕೊಂಡಿದ್ದೆ. ಪೇಂಟರು ಬರೆದು ಮುಗಿಸಿದ ಮೇಲೆ ಗುಲಾಬಿಯಕ್ಕ ನನ್ನ ಹತ್ತಿರ ಬಂದರು. "ಹೆಣ್ಣ್ ಮಗು. ತಲೆ ತುಂಬ ಕೂದ್ಲ್ ಇದ್ದಿತ್ತ್" ಎಂದರು.

ನಾಳೆಯಿಂದ ಸಂಜೆಯ ದೋಣಿ ಮತ್ತೆ ಓಡುತ್ತದೆ, ಖಾಲಿಯಿದ್ದರೂ ಸರಿ. ಹಿರಿಯರೇ, ಮಂತ್ರಿಯನ್ನು ಕೇಳಬೇಡಿ ಎನ್ನುವುದಿಲ್ಲ. ಕೇಳಿ, ಆಮೇಲೆ ಊಟಕ್ಕೆ ಏಳುವ ಮುಂಚೆ ಹಲಗೆಗೆ ನಿಮ್ಮ ಹೆಸರು ಕೊಡಿ. ಇಲ್ಲದಿದ್ದರೆ ಮಗುವಿನ ಆ ಕೂದಲಿನ ಸಂಗತಿಯನ್ನು ಗುಲಾಬಿಯಕ್ಕನಂಥವರು ಯಾರಿಗೆ ಹೇಳಬೇಕು?

ನಿಮ್ಮ ಮುಂದಿನವಳು,
ವಾರಿಜಾ